ಹೊಯಿಗೆಗೆ ಪಹಣಿ ಇಲ್ಲ

ಕಾರವಾರದಿಂದ ಉಳ್ಳಾಲದವರೆಗೆ ಕಡಲ ಬದಿಯ ಯಾವ ಸಾಧಾರಣ ದರದ ರೆಸಾರ್ಟಿಗೆ ಹೋದರೂ ನೋಟ ಹೆಚ್ಚುಕಡಿಮೆ ಒಂದೇ. ಹೆಂಚಿನ ಮಾಡಿನ ಎರಡಂತಸ್ತಿನ ಕಟ್ಟಡ, ಮುಂದೊಂದು ಈಜುಕೊಳ, ಹುಲ್ಲುಹಾಸು, ಗಾಳಿಮರಗಳ ಸಾಲು, ಎರಡು ಮರಗಳ ನಡುವೆ ಜೋಲಿ. ಕೊನೆಗೆ ಸೊಂಟದೆತ್ತರದ ಒಂದು ಗೇಟು. ಗೇಟಿನಾಚೆ ಹೊಯಿಗೆ, ಹೊಯಿಗೆಯಾಚೆ ಕಡಲು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬಂದ ಸಂಸಾರ ನೀರುದೋಸೆ, ಬ್ರೆಡ್ಡು, ಆಮ್ಲೆಟ್ಟುಗಳ ಬಫೆ ಮುಗಿಸಿ ಆ ಗೇಟು ದಾಟುತ್ತದೆ. ಬುಕಿಂಗ್ ಮಾಡುವಾಗ ಅವರ ಮನಸ್ಸು ಗೆದ್ದದ್ದು ಎರಡೇ ಪದ: ಪ್ರೈವೇಟ್ ಬೀಚ್.

ಗೇಟು ದಾಟಿದರೆ ಅಲ್ಲಿ ಜನ ಇದ್ದಾರೆ. ದೋಣಿಯೊಂದು ಬಲೆಯನ್ನು ಕಡಲೊಳಗೆ ಅರ್ಧಚಂದ್ರದ ಆಕಾರದಲ್ಲಿ ಬಿಟ್ಟು ಬಂದಿದೆ. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿದೆ. ಒಂದೊಂದು ಹಗ್ಗಕ್ಕೂ ಹತ್ತಾರು ಮಂದಿ ಸಾಲಾಗಿ ನಿಂತು, ಹಿಮ್ಮಡಿಯನ್ನು ಹೊಯಿಗೆಯಲ್ಲಿ ಊರಿ, ಬೆನ್ನು ಹಿಂದಕ್ಕೆ ಬಾಗಿಸಿ ಎಳೆಯುತ್ತಿದ್ದಾರೆ. ಎರಡು ಸಾಲೂ ನಿಧಾನವಾಗಿ ಒಂದರ ಕಡೆಗೊಂದು ಸರಿಯುತ್ತವೆ. ತಾಸುಗಟ್ಟಲೆ ಎಳೆದ ಮೇಲೆ ಬಲೆಯ ಹೊಟ್ಟೆ ದಡಕ್ಕೆ ಬರುತ್ತದೆ. ಬೂತಾಯಿ, ಬಂಗುಡೆ, ಅದೃಷ್ಟ ಕೆಟ್ಟಿದ್ದರೆ ಬರೀ ಅಂಬಲಿಮೀನು. ಇದು ಕೈರಂಪಣಿ. ಇದಕ್ಕೆ ಬಂದರು ಬೇಡ, ಜೆಟ್ಟಿ ಬೇಡ, ಡೀಸೆಲ್ಲೂ ಬೇಡ. ಬೇಕಾದ್ದು ಒಂದೇ, ಅಡ್ಡಿಯಿಲ್ಲದ ಉದ್ದನೆಯ ದಡ.

ಒಬ್ಬರಿಗೆ ಕಾಲು ಚಾಚುವ ಜಾಗ, ಇನ್ನೊಬ್ಬರಿಗೆ ದುಡಿಯುವ ಕಣ. ಈ ಎರಡೂ ಒಂದೇ ಹೊಯಿಗೆಯ ಮೇಲೆ ಬಂದು ನಿಂತದ್ದು ತೀರ ಹಳೆಯ ಕತೆಯಲ್ಲ, ಐವತ್ತು ಅರವತ್ತು ವರ್ಷದ್ದು. ಅದಕ್ಕೆ ಮುಂಚೆ ಕರಾವಳಿಯಲ್ಲಿ ರಜೆಗೆಂದು ಕಡಲಿಗೆ ಹೋಗುವ ಪದ್ಧತಿಯೇ ಇರಲಿಲ್ಲ.

ಕಡಲಿಗೆ ಹೋಗುತ್ತಿದ್ದರು, ನಿಜ. ಆದರೆ ಪಂಚಾಂಗ ನೋಡಿ. ಪರ್ವದಿನ ಬಿಟ್ಟು ಉಳಿದ ದಿನ ಸಮುದ್ರ ಮುಟ್ಟಬಾರದು ಎಂದು ಶಾಸ್ತ್ರ ಬಲ್ಲ ಅಜ್ಜಂದಿರು ಹೇಳುತ್ತಿದ್ದರು. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯಲ್ಲಿ, ಶಿವರಾತ್ರಿಗೆ ಗೋಕರ್ಣದಲ್ಲಿ ಜನ ಮುಗಿಬಿದ್ದು ಮೀಯುತ್ತಾರೆ. ಮಿಂದು, ಒದ್ದೆ ಬಟ್ಟೆ ಹಿಂಡಿ, ದೇವರ ದರ್ಶನ ಮಾಡಿ ಮನೆಗೆ ಮರಳುತ್ತಾರೆ. ಬಿಸಿಲಿಗೆ ಮೈಯೊಡ್ಡಿ ಮಲಗುವುದು ಯಾರ ಲೆಕ್ಕದಲ್ಲೂ ಪುಣ್ಯವಾಗಿರಲಿಲ್ಲ. ಮೀನುಗಾರರ ಮನೆಗಳು ಕೂಡ ನೀರಿನಂಚಿಗೆ ಬರದೆ ತೆಂಗಿನ ತೋಟದ ಹಿಂದೆ ಸರಿದು ಕೂರುತ್ತಿದ್ದವು. ಆಷಾಢದ ಕಡಲು ಏನೆಂದು ಗೊತ್ತಿದ್ದವರ ಲೆಕ್ಕಾಚಾರ ಅದು.

ಕಡಲ ಸ್ನಾನವನ್ನು ಮೋಜಿಗೆ ತಿರುಗಿಸಿದವರು ಇಂಗ್ಲೆಂಡಿನವರು. ಅದೂ ಔಷಧದ ಹೆಸರಿನಲ್ಲಿ. ರಿಚರ್ಡ್ ರಸೆಲ್ ಎಂಬ ವೈದ್ಯ 1750ರಲ್ಲಿ ಗ್ರಂಥಿಗಳ ಕಾಯಿಲೆಗೆ ಸಮುದ್ರದ ನೀರು ಮದ್ದು ಎಂದು ಲ್ಯಾಟಿನ್‌ನಲ್ಲಿ ಪ್ರಬಂಧ ಬರೆದ. ಮುಳುಗುವುದಷ್ಟೇ ಅಲ್ಲ, ಕುಡಿಯುವುದೂ ಅವನ ಚಿಕಿತ್ಸೆಯಲ್ಲಿತ್ತು. ರೋಗಿಗಳು ಬ್ರೈಟನ್ ಎಂಬ ಮೀನುಗಾರರ ಊರಿಗೆ ಬರತೊಡಗಿದರು. 1783ರಲ್ಲಿ ಯುವರಾಜನೂ ಬಂದ ಮೇಲೆ ರೋಗವಿಲ್ಲದವರೂ ಹಿಂಬಾಲಿಸಿದರು. 1841ರಲ್ಲಿ ಲಂಡನ್ನಿನಿಂದ ರೈಲು ಬಂತು, 1864ರಲ್ಲಿ ದಡದೆದುರಿಗೆ ಗ್ರ್ಯಾಂಡ್ ಹೋಟೆಲ್ ಎದ್ದಿತು. ವೈದ್ಯ, ದೊರೆಮಗ, ರೈಲು, ಹೋಟೆಲು. ನಮ್ಮಲ್ಲಿಗೆ ಈ ಮೆರವಣಿಗೆ ಬರುವಾಗ ವೈದ್ಯನೂ ದೊರೆಮಗನೂ ತಪ್ಪಿಹೋಗಿ ಹಿಪ್ಪಿಗಳು ಮುಂದೆ ಬಂದರು ಅನ್ನುವುದಷ್ಟೇ ವ್ಯತ್ಯಾಸ.

ಹಿಪ್ಪಿಗಳಿಗೂ ಮುಂಚೆ ಕಾರವಾರಕ್ಕೆ ಒಬ್ಬ ಅತಿಥಿ ಬಂದಿದ್ದರು. ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ಅಲ್ಲಿ ಜಡ್ಜ್ ಆಗಿದ್ದಾಗ, ತಮ್ಮ ರವೀಂದ್ರನಾಥರು ಇಪ್ಪತ್ತೆರಡರ ವಯಸ್ಸಿನಲ್ಲಿ ಅಣ್ಣನ ಮನೆಯಲ್ಲಿ ಕೆಲಕಾಲ ಉಳಿದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕ ಬರೆದದ್ದು ಆಗಲೇ. ಮುಂದೆ ಆತ್ಮಕಥನದಲ್ಲಿ ಕಾಳಿ ನದಿಯ ದೋಣಿ ಪಯಣವನ್ನೂ, ದಡದ ಉದ್ದಕ್ಕೂ ನಿಂತ ಗಾಳಿಮರಗಳನ್ನೂ ನೆನೆದರು. ಆ ಮರಗಳು ಅಲ್ಲಿ ತಾವಾಗಿ ಹುಟ್ಟಿದವಲ್ಲ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷರ ಅರಣ್ಯ ಇಲಾಖೆ ಸೌದೆಗಾಗಿ ನೆಡಿಸಿದ ತೋಪು ಅದು. ಇವತ್ತು ಪ್ರವಾಸಿಗಳು ಜೋಲಿ ಕಟ್ಟುವ ‘ಸಹಜ’ ಕಡಲ ಮರದ ಮೂಲ ಇಷ್ಟೇ.

ಸ್ವತಂತ್ರ ಭಾರತದಲ್ಲಿ ಕಡಲ ಹೋಟೆಲಿಗೆ ಮೊದಮೊದಲು ಕೈಹಾಕಿದವರಲ್ಲಿ ಸರ್ಕಾರವೇ ಮುಂದಿತ್ತು. ತಿರುವಾಂಕೂರು ರಾಜಮನೆತನದವರು 1930ರ ದಶಕದಲ್ಲಿ ಕಟ್ಟಿಸಿದ ಕೋವಳಂನ ಅರಮನೆ ಕೇರಳ ಸರ್ಕಾರದ ಕೈಗೆ, ಅಲ್ಲಿಂದ ಕೇಂದ್ರದ ಪ್ರವಾಸೋದ್ಯಮ ನಿಗಮಕ್ಕೆ ಬಂತು. ಪಕ್ಕದ ಗುಡ್ಡದಲ್ಲಿ ಹೋಟೆಲ್ ಕಟ್ಟಲು ಕರೆದದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರನ್ನು. ಅವರು ಕೋಣೆಗಳನ್ನು ಗುಡ್ಡದ ಇಳಿಜಾರಿನಲ್ಲೇ ಮೆಟ್ಟಿಲು ಮೆಟ್ಟಿಲಾಗಿ ಹುದುಗಿಸಿದರು. ಪ್ರತಿ ಕೋಣೆಗೂ ಕಡಲು ಕಾಣುವ ಬಿಸಿಲುಚಾವಡಿ. ಕೆಳಗಿನ ದಡ ಮಾತ್ರ ಖಾಲಿ. ಗೋವಾದಲ್ಲಿ 1974ರಲ್ಲಿ ತಾಜ್ ಸಮೂಹ ಸಿಂಕೆರಿಯ ಆಗ್ವಾದ ಕೋಟೆಯ ಆವರಣದಲ್ಲಿ ಬೀಚ್ ರೆಸಾರ್ಟ್ ತೆರೆಯಿತು. 1983ರ ನವೆಂಬರ್‌ನಲ್ಲಿ ಕಾಮನ್‌ವೆಲ್ತ್ ರಾಷ್ಟ್ರಗಳ ನಾಯಕರು ಶೃಂಗಸಭೆಯ ನಡುವೆ ವಿಶ್ರಾಂತಿಗೆ ಬಂದಾಗ ಗೋವಾದ ಹೊಯಿಗೆ ಜಗತ್ತಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು.

ಅದೇ ಹತ್ತು ವರ್ಷಗಳಲ್ಲಿ ಅದೇ ಹೊಯಿಗೆಯ ಮೇಲೆ ಇನ್ನೊಂದು ಸಂಗತಿ ನಡೆಯಿತು. ಕೈರಂಪಣಿಯ ಅಣ್ಣ ಅನ್ನಬಹುದಾದ ದೊಡ್ಡ ರಂಪಣಿ ಬಲೆ ಕಿಲೋಮೀಟರುಗಟ್ಟಲೆ ಉದ್ದ. ಎಳೆಯಲು ಊರಿಗೆ ಊರೇ ಬೇಕು. ಬಂದು ಹಗ್ಗ ಹಿಡಿದವರಿಗೆಲ್ಲ ಪಾಲು. 1970ರ ದಶಕದ ಮಧ್ಯದಲ್ಲಿ ಕರ್ನಾಟಕದ ಕಡಲಿಗೆ ಪರ್ಸೀನ್ ಬೋಟುಗಳು ಇಳಿದವು. ದಡದ ಕಡೆ ಬರುತ್ತಿದ್ದ ಬಂಗುಡೆಯ ಹಿಂಡನ್ನು ದಾರಿಯಲ್ಲೇ ಸುತ್ತುಗಟ್ಟಿ ಬಾಚತೊಡಗಿದ ಮೇಲೆ ದಡದಲ್ಲಿ ಕಾದವರಿಗೆ ಏನೂ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು. ಗೋವಾದಲ್ಲಿ ಮಥಾನಿ ಸಲ್ದಾನಾ ಅವರ ಮುಂದಾಳತ್ವದಲ್ಲಿ ರಾಂಪೊಣಕಾರರು, ಅಂದರೆ ರಂಪಣಿ ಮೀನುಗಾರರು, ಬೀದಿಗಿಳಿದರು. ಅದರ ಫಲ 1980ರ ಮೀನುಗಾರಿಕಾ ನಿಯಂತ್ರಣ ಕಾನೂನು. ದಡದಿಂದ ಐದು ಕಿಲೋಮೀಟರ್‌ವರೆಗಿನ ಕಡಲು ಯಾಂತ್ರಿಕ ಬೋಟುಗಳಿಗೆ ನಿಷಿದ್ಧವಾಯಿತು. ಸಲ್ದಾನಾ ಮುಂದೆ ಮಂತ್ರಿಯೂ ಆದರು. ಆದರೆ ಬಲೆ ನಿಂತ ಕಡೆ ದಡ ಖಾಲಿ ಬಿತ್ತು. ಖಾಲಿ ದಡಕ್ಕೆ ಗಿರಾಕಿ ಬರುವುದಕ್ಕೆ ತಡವಾಗಲಿಲ್ಲ.

ಇಲ್ಲಿ ಒಂದು ಪತ್ರದ ವಿಷಯ ಹೇಳಲೇಬೇಕು. 1981ರ ನವೆಂಬರ್‌ನಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಬರೆದು, ಉಬ್ಬರದ ನೀರು ಬಂದು ಮುಟ್ಟುವ ಗೆರೆಯಿಂದ 500 ಮೀಟರ್‌ವರೆಗೆ ಏನೂ ಕಟ್ಟದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದರು. ಆ ಪತ್ರವೇ ಬೆಳೆದು 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಾಯಿತು. ಕರಾವಳಿಯ ಪಂಚಾಯಿತಿ ಕಚೇರಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಸಿಆರ್‌ಝಡ್ ಇದೇ.

ಆ ಅಧಿಸೂಚನೆಯ ಎರಡನೇ ಅನುಬಂಧವನ್ನು ರೆಸಾರ್ಟಿನ ಜಗಲಿಯಲ್ಲಿ ಕೂತು ಓದಿದರೆ ಸುತ್ತಲಿನ ಕಟ್ಟಡ ತಾನೇ ಅರ್ಥವಾಗುತ್ತದೆ. ಹಳ್ಳಿಗಾಡಿನ ದಡದಲ್ಲಿ ಮೊದಲ 200 ಮೀಟರ್ ಕಟ್ಟುವ ಹಾಗಿಲ್ಲ. ಹೋಟೆಲು ಏಳಬೇಕಾದ್ದು ಅದರ ಹಿಂದೆ. ಹಾಗಾಗಿ ಕಟ್ಟಡಕ್ಕೂ ನೀರಿಗೂ ನಡುವೆ ಹುಲ್ಲುಹಾಸು, ಮರದ ಸಾಲು. ಎತ್ತರ ಒಂಬತ್ತು ಮೀಟರ್ ಮೀರಬಾರದು, ಎರಡಕ್ಕಿಂತ ಹೆಚ್ಚು ಅಂತಸ್ತು ಇರಬಾರದು. ಎಲ್ಲ ಕಡೆ ಅದೇ ಮೋಟು ಕಟ್ಟಡಗಳು ಅದಕ್ಕೇ. ನಿವೇಶನ 0.4 ಹೆಕ್ಟೇರಿಗಿಂತ, ಅಂದರೆ ಸುಮಾರು ಒಂದು ಎಕರೆಗಿಂತ, ಕಡಿಮೆ ಇರಬಾರದು. ದಡದಲ್ಲಿ ಆಟದ ಕಂಬ, ದೀಪದ ಕಂಬ ಬಿಟ್ಟು ಬೇರೇನೂ ಶಾಶ್ವತವಾಗಿ ನಿಲ್ಲಬಾರದು; ವಾಲಿಬಾಲ್ ನೆಟ್ಟು ಇಲ್ಲದ ಬೀಚ್ ರೆಸಾರ್ಟ್ ಅಪರೂಪ ಎಂಬುದನ್ನು ಗಮನಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಸಾರ್ವಜನಿಕರು ಕಡಲಿಗೆ ಹೋಗಲು ಎರಡು ಹೋಟೆಲುಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ಗುಮಾಸ್ತರ ಭಾಷೆಯಲ್ಲಿ ಬರೆದ ಈ ಸಾಲಿನೊಳಗೆ ಕೈರಂಪಣಿಯ ಹಗ್ಗ, ಮೀನಿನ ಬುಟ್ಟಿ ಹೊತ್ತ ಹೆಂಗಸು, ಅಮಾವಾಸ್ಯೆಗೆ ಮೀಯಲು ಬರುವ ಮುದುಕ ಎಲ್ಲರೂ ಇದ್ದಾರೆ.

ನಿಯಮ ಬಂದ ಕೂಡಲೇ ಎಲ್ಲರೂ ಪಾಲಿಸಿದರು ಎಂದೇನಲ್ಲ. ಹೋಟೆಲು ಉದ್ಯಮದ ಒತ್ತಾಯಕ್ಕೆ ಕೇಂದ್ರ 1994ರಲ್ಲಿ ತಿದ್ದುಪಡಿ ತಂದು ಸಡಿಲಿಸಿತು. 1996ರಲ್ಲಿ ಸುಪ್ರೀಂ ಕೋರ್ಟ್ ಅದರ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. ಆದರೆ ‘ದಡ ಯಾರದ್ದು’ ಎಂಬ ನೇರ ಪ್ರಶ್ನೆ ಎದ್ದದ್ದು ಗೋವಾದ ದೋನಾಪಾವ್ಲಾ ಬಳಿಯ ವಾಯಂಗಿಣಿ ಎಂಬ ಸಣ್ಣ ಕೊಲ್ಲಿಯಲ್ಲಿ. ಅಲ್ಲಿನ ಹೋಟೆಲನ್ನು ವಿನ್ಯಾಸ ಮಾಡಿದವರೂ ಕೊರಿಯಾ ಅವರೇ. ಸರ್ಕಾರ ಭೂಸ್ವಾಧೀನ ಮಾಡಿ ಹೋಟೆಲಿಗೆ ಜಾಗ ಕೊಡುವಾಗ, ಕಡಲಿಗೆ ಹೋಗುವ ಜನರ ದಾರಿಯನ್ನು ಕಾಯಬೇಕು ಎಂದು 1983ರ ಒಪ್ಪಂದದಲ್ಲಿ ಬರೆಸಿಕೊಂಡಿತ್ತು. ದಾರಿಗೆ ಅಡ್ಡಿಯಾಗಿದೆ ಎಂದು ಊರಿನವರೂ ಗೋವಾ ಫೌಂಡೇಶನ್ ಎಂಬ ಪರಿಸರ ಸಂಘಟನೆಯೂ ಕೋರ್ಟಿಗೆ ಹೋದರು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು. ಇಂಥ ನೈಸರ್ಗಿಕ ಸಂಪತ್ತಿಗೆ ಸರ್ಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬುದು ತೀರ್ಪಿನ ತಿರುಳು. ಕಡಲೂ ಕಡಲ ದಡವೂ ಎಲ್ಲರಿಗೂ ಸೇರಿದ್ದು ಎಂಬ ಮಾತು ರೋಮನ್ ಚಕ್ರವರ್ತಿ ಜಸ್ಟೀನಿಯನ್ನನ ಕಾಲದ ಶಾಸನದಲ್ಲೇ ಇದೆ. ಮುಂದಿನದು ನಮ್ಮ ದೇಶದ ರೂಢಿ: ಅದೇ ವರ್ಷ ಗೋವಾ ಸರ್ಕಾರ ಭೂಸ್ವಾಧೀನ ಕಾನೂನಿಗೇ ತಿದ್ದುಪಡಿ ತಂದಿತು, 2016ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಹೋಟೆಲಿನ ಕಟ್ಟಡ ಉಳಿಯಿತು. ದಡ ಸಾರ್ವಜನಿಕರದ್ದು ಎಂಬ ಮಾತನ್ನು ಮಾತ್ರ ಯಾರೂ ಅಳಿಸಲಿಲ್ಲ.

ಕರ್ನಾಟಕದ ಕಡಲು ಈ ಆಟಕ್ಕೆ ತಡವಾಗಿ ಬಂತು. ಅದಕ್ಕೊಂದು ಕಾರಣ ದಾರಿ. ನದಿ, ಅಳಿವೆ, ಘಟ್ಟ ದಾಟಿ ಬರುವುದೇ ಪ್ರಯಾಸವಾಗಿತ್ತು. ಗೋವಾದ ಗದ್ದಲ ಸಾಕಾದ ವಿದೇಶಿಯರು ಗೋಕರ್ಣದ ಕುಡ್ಲೆ, ಓಂ ಬೀಚುಗಳಿಗೆ ನಡೆದೇ ಹೋಗಿ ಗುಡಿಸಲುಗಳಲ್ಲಿ ಉಳಿಯತೊಡಗಿದರು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರವಾರದ ಆಚೆ ದಡದ ದೇವಬಾಗದಲ್ಲಿ, ಗಾಳಿಮರದ ತೋಪಿನ ನಡುವೆ ಮರದ ಕುಟೀರಗಳನ್ನಿಟ್ಟಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು, ಹೆದ್ದಾರಿ ಅಗಲವಾಯಿತು, ಬೆಂಗಳೂರಿನಲ್ಲಿ ಶನಿವಾರ ರಜೆ ಇರುವ ನೌಕರಿಗಳು ಹೆಚ್ಚಿದವು. ದಡದ ತೆಂಗಿನ ತೋಟದ ಬೆಲೆಯನ್ನು ಕಾಯಿ ಎಣಿಸಿ ಕಟ್ಟುವ ಕಾಲ ಹೋಯಿತು. ಆಮೇಲೆ ಹುಟ್ಟಿದ್ದು ಇಂದಿನ ಮಧ್ಯಮ ದರ್ಜೆ ರೆಸಾರ್ಟು. ಅದಕ್ಕೆ ಐದು ತಾರೆಯ ಆಡಂಬರವಿಲ್ಲ, ಗುಡಿಸಲಿನ ಸಲಿಗೆಯೂ ಇಲ್ಲ. ಜಾಹೀರಾತಿಗೆ ಒಂದೇ ಒಂದು ದೊಡ್ಡಸ್ತಿಕೆ ಬೇಕಿತ್ತು. ಪ್ರೈವೇಟ್ ಬೀಚ್ ಅನ್ನುವ ಪದ ಅಲ್ಲಿ ಒದಗಿಬಂತು.

ಪದ ಪೂರ್ತಿ ಸುಳ್ಳೇ? ವ್ಯಾಪಾರದ ಅರ್ಥದಲ್ಲಿ ಅಷ್ಟಿಷ್ಟು ನಿಜ. ಗೇಟಿಗೆ ಹೋಟೆಲಿನ ದಾರಿಯಿಂದಲೇ ಬರಬೇಕು, ಊರಿನ ದಾರಿ ದೂರವಿದೆ, ಹಾಗಾಗಿ ಜನ ಕಡಿಮೆ. ಕಾನೂನಿನ ಅರ್ಥದಲ್ಲಿ ಮಾತ್ರ ಅದಕ್ಕೆ ಕಾಸಿನ ಬೆಲೆ ಇಲ್ಲ. ರೆಸಾರ್ಟಿನ ಪಹಣಿ ಉಬ್ಬರದ ಗೆರೆಯ ಈಚೆಗೇ ಮುಗಿಯುತ್ತದೆ. ಒದ್ದೆ ಹೊಯಿಗೆಯ ಮೇಲೆ ಕುರ್ಚಿ ಹಾಕಿಸಬಹುದು, ಪಕ್ಕದಲ್ಲಿ ಬಲೆ ಹರಡಿದವರನ್ನು ಎಬ್ಬಿಸಲು ಬಾರದು.

2019ರ ಹೊಸ ಅಧಿಸೂಚನೆ, ಜನ ದಟ್ಟವಾಗಿರುವ ಹಳ್ಳಿಗಳ ದಡದಲ್ಲಿ ಕಟ್ಟಬಾರದ ಪಟ್ಟಿಯನ್ನು 200 ಮೀಟರ್‌ನಿಂದ 50ಕ್ಕೆ ಇಳಿಸಿದೆ. ಒಂದು ಮಳೆಗಾಲದ ಕಡಲ್ಕೊರೆತ ನೋಡಿದವರಿಗೆ 50 ಮೀಟರ್ ಎಷ್ಟು ಹತ್ತಿರ ಎಂದು ಬಿಡಿಸಿ ಹೇಳಬೇಕಿಲ್ಲ.

ಮುಂದಿನ ಸಲ ಅಂಥ ರೆಸಾರ್ಟಿನಲ್ಲಿ ಇಳಿದಾಗ ರಿಸೆಪ್ಶನ್ನಿನಲ್ಲಿ ವೈಫೈ ಪಾಸ್‌ವರ್ಡ್ ಕೇಳುವಾಗಲೇ ಇನ್ನೊಂದು ಪ್ರಶ್ನೆ ಕೇಳಿ: ಊರಿನವರು ಕಡಲಿಗೆ ಹೋಗುವ ದಾರಿ ಯಾವ ಕಡೆ? ಬೆಳಿಗ್ಗೆ ಆರರ ಹೊತ್ತಿಗೆ ಆ ದಾರಿಯಲ್ಲೇ ಇಳಿದು ಹೋಗಿ. ಕೈರಂಪಣಿ ಎಳೆಯುತ್ತಿದ್ದರೆ ಹಗ್ಗದ ಸಾಲಿನ ಕೊನೆಯಲ್ಲಿ ಒಬ್ಬರಿಗೆ ಯಾವಾಗಲೂ ಜಾಗ ಇರುತ್ತದೆ.