ಕಾವುಕೋಳಿ

ಕಾವುಕೋಳಿ: ತನ್ನ ಅಥವಾ ಪರರ ತತ್ತಿಗಳಿಗೆ ಮೈಬಿಸಿ ನೀಡಿ ಮರಿಯೊಡೆಸಿ, ಆ ಮರಿಗಳು ತಾವಾಗಿ ಮೇಯಬಲ್ಲವರೆಗೆ ಪಾಲಿಸುವ ಹೇಂಟೆ. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಕುಂದೂರು ಸೀಮೆಯಲ್ಲಿಯೂ ಸಕಲೇಶಪುರದ ಮಲೆಗಳಲ್ಲಿಯೂ ನಾಟಿಕೋಳಿಯ ಸಂತತಿಯು ಬೆಳೆದುಬಂದುದು ಇದರ ಆಶ್ರಯದಲ್ಲಿಯೇ.

ಮೂಲ: ಸಾಕುಕೋಳಿಯು ಕೆಂಪು ಕಾಡುಕೋಳಿಯ ವಂಶದ್ದೆಂದು ಡಾರ್ವಿನ್ 1868ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು, 2008ರಲ್ಲಿ ಪ್ರಕಟವಾದ ಆನುವಂಶಿಕ ಸಂಶೋಧನೆಯಾದರೋ, ಅನೇಕ ಕೋಳಿಗಳ ಹಳದಿ ಕಾಲಿನ ಗುಣವು ಬೂದು ಕಾಡುಕೋಳಿಯಿಂದ ಬಂದುದೆಂದು ತೋರಿಸಿತು. ಪಶ್ಚಿಮಘಟ್ಟದ ಈ ಕಾಡುಗಳಲ್ಲಿ ಬೂದು ಕಾಡುಕೋಳಿಯು ಇಂದಿಗೂ ನೆಲದ ಮೇಲೆ ತತ್ತಿಯಿಟ್ಟು ಕಾವು ಕೂರುತ್ತದೆ.

ಪದ್ಧತಿ: ಪ್ರೊಲ್ಯಾಕ್ಟಿನ್ ಎಂಬ ಚೋದನಿಯು ರಕ್ತದಲ್ಲಿ ಏರಿದೊಡನೆ ಹೇಂಟೆಯು ತತ್ತಿಯಿಡುವುದನ್ನು ನಿಲ್ಲಿಸಿ, ಗರಿಗೆದರಿ, ಮುಟ್ಟಹೋದ ಕೈಯನ್ನು ಕುಕ್ಕುತ್ತ ಗೂಡು ಬಿಡದಾಗುವುದು. ಆಗ ಮನೆಯ ಹೆಂಗಸರು ಹಳೆಯ ಬುಟ್ಟಿಯಲ್ಲಿ ಭತ್ತದ ಹುಲ್ಲು ಹಾಸಿ, ಕೂಡಿಟ್ಟ ಹತ್ತು ಹನ್ನೆರಡು ತತ್ತಿಗಳನ್ನಿರಿಸಿ, ಕತ್ತಲಾದ ಮೇಲೆ ಹೇಂಟೆಯನ್ನು ಕಾವಿಗೆ ಕೂರಿಸುವರು. ಬೇರೆ ಬೇರೆ ದಿನ ಇಟ್ಟ ತತ್ತಿಗಳಾದರೂ ಕಾವು ಒಟ್ಟಿಗೆ ಮೊದಲಾಗುವುದರಿಂದ ಸುಮಾರು 21ನೆಯ ದಿನ ಒಟ್ಟಿಗೇ ಒಡೆಯುತ್ತವೆ. ವಾರ ಕಳೆದ ಮೇಲೆ ತತ್ತಿಯನ್ನು ದೀಪಕ್ಕೆ ಹಿಡಿದರೆ ಜೀವವಿರುವುದರಲ್ಲಿ ಕೆಂಪು ರಕ್ತನಾಳಗಳ ಜಾಲ ಕಾಣುವುದು. ಇಲ್ಲದ್ದು ತಿಳಿಯಾಗಿ ಬೆಳಕು ಬಿಡುವುದು. ಮರಿಯು ಒಡಲೊಳಗೆ ಉಳಿದ ಹಳದಿಯಿಂದಲೇ ಮೊದಲ ಒಂದೆರಡು ದಿನ ಬದುಕಬಲ್ಲುದು. ಅನಂತರ ತಾಯಿಯು ನೆಲ ಕೆದಕಿ ನುಚ್ಚನ್ನೂ ಹುಳುವನ್ನೂ ತೋರಿಸಿ ಕರೆಯುವುದು, ಹದ್ದಿನ ನೆರಳು ಕಂಡೊಡನೆ ರೆಕ್ಕೆಯಡಿ ಸೇರಿಸಿಕೊಳ್ಳುವುದು. ಜಡಿಮಳೆಯ ಆಷಾಢದಲ್ಲಿ ಒದ್ದೆಯಾದ ಮರಿಗಳು ಚಳಿ ತಾಳವು. ಆದ್ದರಿಂದ ಒಣಹವೆಯ ತಿಂಗಳುಗಳೇ ಕಾವಿಗೆ ಪ್ರಶಸ್ತ.

ಯಂತ್ರಯುಗ: ಪ್ರಾಚೀನ ಈಜಿಪ್ಟಿನವರು ಇಟ್ಟಿಗೆಯ ಒಲೆಮನೆಗಳಲ್ಲಿ ಮರಿಮಾಡಿಸುತ್ತಿದ್ದರು; ಆ ಕಲೆಯನ್ನು ಕುರಿತು ಫ್ರಾನ್ಸಿನ ರೇಯೊಮ್ಯೂರ್ 1749ರಲ್ಲಿ ಗ್ರಂಥ ರಚಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ ಕಾವುಪೆಟ್ಟಿಗೆಗಳು ಹಬ್ಬಿದಂತೆ, ಕಾವಿನ ಕಾಲದಲ್ಲಿ ತತ್ತಿಯ ಆದಾಯ ನಿಲ್ಲುವುದೆಂಬ ಕಾರಣದಿಂದ, ಕಾವು ಕೂರದ ತಳಿಗಳನ್ನೇ ಆಯ್ದು ಬೆಳೆಸಲಾಯಿತು. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜು ಹಿತ್ತಲ ಸಾಕಣೆಗೆಂದು ರೂಪಿಸಿದ ಗಿರಿರಾಜ ತಳಿಯೂ ಕಾವು ಕೂರುವುದಿಲ್ಲ. ಯಂತ್ರವಿಲ್ಲದ ಮನೆಗಳಲ್ಲಿ ಅದರ ತತ್ತಿಗಳನ್ನು ನಾಟಿ ಹೇಂಟೆಗೇ ವಹಿಸಬೇಕು.

ಮಹತ್ತ್ವ: ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸುವುದೂ, ಮುಂಗುಸಿ ಕಾಡುಬೆಕ್ಕುಗಳು ನುಗ್ಗದ ಗೂಡನ್ನು ಕಟ್ಟುವುದೂ ಮನುಷ್ಯನ ಕರ್ತವ್ಯ, ಉಳಿದುದೆಲ್ಲವನ್ನೂ ತಾಯಿಕೋಳಿಯು ವಿದ್ಯುತ್ತಿನ ಹಂಗಿಲ್ಲದೆ ನಿರ್ವಹಿಸುವುದು. ಉದ್ಯಮವು ದೋಷವೆಂದು ತಳ್ಳಿದ ಗುಣವೇ ನಾಲ್ಕು ಕೋಳಿ ಸಾಕುವ ಬಡಮನೆಗೆ ಮೂಲಧನವಾಗಿರುವುದರಿಂದ, ಕಾವು ಕೂರುವ ನಾಟಿ ಸಂತತಿಯನ್ನು ಬೆರಕೆಯಿಂದ ಕಾಯ್ದು ಉಳಿಸಿಕೊಳ್ಳುವುದು ಅತ್ಯಾವಶ್ಯಕ.