ಗೆಳೆಯರ ಪಂಕ್ತಿ

ಮನೆಯ ಊಟಕ್ಕೂ ಗೆಳೆಯರ ಊಟಕ್ಕೂ ಒಂದು ಭೇದವುಂಟು. ಮನೆಯಲ್ಲಿ ನಾವು ಯಾರೊಡನೆ ಕುಳಿತು ಉಣ್ಣಬೇಕೆಂಬುದನ್ನು ಹುಟ್ಟೇ ನಿಶ್ಚಯಿಸಿರುತ್ತದೆ; ಗೆಳೆಯರೊಡನೆ ಉಣ್ಣುವಾಗ ಪಕ್ಕದ ಎಲೆಯವನನ್ನು ನಾವೇ ಆರಿಸಿಕೊಂಡಿರುತ್ತೇವೆ. ಇಂದು ಹೊಸೂರು, ಧರ್ಮಪುರಿ, ಸೇಲಂ ಮೊದಲಾದ ಪಟ್ಟಣಗಳಲ್ಲಿ ಉಪಾಧ್ಯಾಯರೊಬ್ಬರು ನಿವೃತ್ತರಾದರೆ, ಹಳೆಯ ಸಹಪಾಠಿಗಳು ಬಹುಕಾಲದ ಮೇಲೆ ಒಂದುಗೂಡಿದರೆ, ಇಲ್ಲವೆ ಗೆಳೆಯನ ಮಗಳು ಪರೀಕ್ಷೆಯಲ್ಲಿ ಮೇಲ್ದರ್ಜೆ ಪಡೆದರೆ, ಎಂಟು ಹತ್ತು ಮಂದಿ ಕೂಡಿ ಹೋಟೆಲೊಂದರ ಒಳಕೋಣೆಯನ್ನು ಮೊದಲೇ ಹೇಳಿಟ್ಟು, ಬಾಗಿಲು ಮುಚ್ಚಿಕೊಂಡು, ನಗುತ್ತ ಮಾತಾಡುತ್ತ ಊಟ ಮಾಡುವುದು ಸಾಮಾನ್ಯವಾಗಿದೆ. ಇದರಲ್ಲಿ ಇತಿಹಾಸವೇನಿದೆ ಎಂದು ವಾಚಕರು ಕೇಳಬಹುದು. ಇದೆ. ಊಟದ ಮನೆಯ ಈ ಪ್ರತ್ಯೇಕ ಕೋಣೆ ನೂರು ವರ್ಷಗಳ ಹಿಂದೆಯೂ ಇದ್ದಿತು; ಆದರೆ ಆಗ ಅದರ ಬಾಗಿಲು ಮುಚ್ಚುತ್ತಿದ್ದುದು ಬೇರೊಂದು ಕಾರಣಕ್ಕಾಗಿ. ಆ ಬಾಗಿಲಿನ ಅರ್ಥ ಹೇಗೆ ಬದಲಾಯಿತೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಗೆಳೆತನದ ಊಟದ ಅತಿ ಪ್ರಾಚೀನವಾದ ನೆನಪೊಂದು ನಮ್ಮ ನೆಲದಲ್ಲಿಯೇ ಉಳಿದಿದೆ. ಇಂದಿನ ಧರ್ಮಪುರಿಯ ಹಳೆಯ ಹೆಸರು ತಗಡೂರು. ಒಂಬತ್ತನೆಯ ಶತಮಾನದಲ್ಲಿ ನೊಳಂಬರು ಈ ಸೀಮೆಯನ್ನಾಳಿ ಕನ್ನಡ ಶಾಸನಗಳನ್ನು ಬರೆಯಿಸಿದುದಕ್ಕೂ ಬಹು ಹಿಂದೆ, ಸಂಘಕಾಲದಲ್ಲಿ, ಅದಿಯಮಾನ್ ನೆಡುಮಾನ್ ಅಂಜಿ ಎಂಬ ಅರಸನು ತಗಡೂರಿನಲ್ಲಿ ಆಳುತ್ತಿದ್ದನು. ಕವಯಿತ್ರಿ ಔವೈಯಾರ್ ಅವನ ಗೆಳತಿ. ದುರ್ಗಮವಾದ ಬೆಟ್ಟದ ಬಿರುಕಿನಲ್ಲಿ ಬೆಳೆದ, ದೀರ್ಘಾಯುಷ್ಯವನ್ನು ಕೊಡುವುದೆಂದು ಪ್ರಸಿದ್ಧವಾದ ನೆಲ್ಲಿಯ ಹಣ್ಣೊಂದು ದೊರೆತಾಗ ಅರಸನು ತಾನು ತಿನ್ನದೆ, ಅದರ ಮಹಿಮೆಯನ್ನೂ ಹೇಳದೆ, ಅವಳಿಗೆ ಕೊಟ್ಟನೆಂಬ ಪ್ರಸಂಗ ‘ಪುರನಾನೂರು’ ಸಂಕಲನದಲ್ಲಿ ಬರುತ್ತದೆ. ಈ ಕಥೆಯನ್ನು ನಮ್ಮ ಜಿಲ್ಲೆಗಳ ಮಕ್ಕಳೆಲ್ಲರೂ ಬಲ್ಲರು. ಅಷ್ಟಾಗಿ ತಿಳಿಯದ ಸಂಗತಿಯೊಂದುಂಟು. ಅರಸನು ಮಡಿದ ಮೇಲೆ ಔವೈಯಾರ್ ಹಾಡಿದ ಶೋಕಗೀತದಲ್ಲಿ ಅವಳು ಮೊದಲು ನೆನೆಯುವುದು ಅವನ ಯುದ್ಧಗಳನ್ನಲ್ಲ, ಅವನ ಪಂಕ್ತಿಯನ್ನು. ಪಾನವು ಸ್ವಲ್ಪವೇ ಇದ್ದಾಗ ಅದನ್ನು ತಮಗೇ ಬಿಟ್ಟುಕೊಡುತ್ತಿದ್ದನೆಂದೂ, ಹೆಚ್ಚಿದ್ದಾಗ ತಾವು ಹಾಡುತ್ತಿರಲು ಒಡನೆ ಕುಳಿತು ಹಂಚಿಕೊಳ್ಳುತ್ತಿದ್ದನೆಂದೂ, ಅನ್ನವು ಕೊಂಚವಿರಲಿ ಬಹಳವಿರಲಿ ಹಲವರೊಡನೆಯೇ ಉಣ್ಣುತ್ತಿದ್ದನೆಂದೂ ಅವಳು ಹೇಳುತ್ತಾಳೆ. ಹಾಡಿ ಬದುಕುವ ಹೆಣ್ಣೊಬ್ಬಳು ಅರಸನ ಸರಿಸಮಾನಳಾಗಿ ಕುಳಿತು ಉಂಡಳೆಂಬುದು ಈ ನೆಲದ ಹೆಮ್ಮೆ.

ಕಾಲಕ್ರಮದಲ್ಲಿ ಪಂಕ್ತಿಯೆಂಬ ಮಾತಿಗೆ ಬೇರೆಯೇ ಅರ್ಥ ಬಂದಿತು. ಯಾರು ಯಾರ ಸಾಲಿನಲ್ಲಿ ಕೂರಬಹುದು, ಯಾರು ಬಡಿಸಿದುದನ್ನು ಯಾರು ಉಣ್ಣಬಹುದು ಎಂಬ ಕಟ್ಟಳೆಗಳು ಬಿಗಿಯಾದುವು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಸವಣ್ಣನವರೂ ಶರಣರೂ ದಾಸೋಹವೆಂಬ ತತ್ತ್ವದಿಂದ ಈ ಕಟ್ಟಳೆಯನ್ನು ಮುರಿಯಲೆತ್ನಿಸಿದುದು ಕನ್ನಡಿಗರಿಗೆ ತಿಳಿದೇ ಇದೆ. ಆದರೂ ಊರ ಹೊರಗೆ ಹೊರಟ ಸಾಮಾನ್ಯನಿಗೆ ಅನ್ನ ದೊರೆಯುತ್ತಿದ್ದುದು ನಂಟರ ಮನೆಯಲ್ಲಿ, ಮಠದಲ್ಲಿ, ಇಲ್ಲವೆ ಛತ್ರದಲ್ಲಿ. ಛತ್ರದ ಅನ್ನ ಪುಣ್ಯದ ಅನ್ನ, ಅದಕ್ಕೆ ಬೆಲೆಯಿರಲಿಲ್ಲ. ಆದರೆ ಉಣ್ಣುವವನ ಜಾತಿಯನ್ನು ಅಲ್ಲಿ ಮೊದಲು ವಿಚಾರಿಸುತ್ತಿದ್ದರು. ಬೇರೆ ಬೇರೆ ಜಾತಿಯ ಇಬ್ಬರು ಗೆಳೆಯರು ಹೊಸೂರಿನಿಂದ ಕೃಷ್ಣಗಿರಿ, ಧರ್ಮಪುರಿ, ತೊಪ್ಪೂರು ಘಟ್ಟಗಳನ್ನು ದಾಟಿ ಸೇಲಮಿಗೆ ಒಟ್ಟಿಗೆ ನಡೆದುಬಂದರೂ, ಊಟದ ಹೊತ್ತಿಗೆ ಅವರು ಅಗಲಬೇಕಾಗಿತ್ತು. ದಾರಿ ಒಂದಾಗಿತ್ತು, ಎಲೆ ಎರಡಾಗಿತ್ತು.

ಹಣ ಕೊಟ್ಟು ಉಣ್ಣುವ ಮನೆಗಳು ನಮ್ಮಲ್ಲಿ ಬೆಳೆದುದು ರೈಲು ಮತ್ತು ಕಾಫಿಗಳ ಜೊತೆಯಲ್ಲಿ. 1862ರಲ್ಲಿ ಮದರಾಸಿನಿಂದ ಪಶ್ಚಿಮ ಕರಾವಳಿಯ ಬೇಪುರದವರೆಗಿನ ರೈಲುದಾರಿ ಪೂರ್ಣಗೊಂಡಿತು. ಸೇಲಂ ಆ ದಾರಿಯ ಮೇಲಿನ ಊರಾಯಿತು. ಕಾಫಿಯಂತೂ ಅದಕ್ಕೂ ಮುಂಚೆಯೇ ನಮ್ಮ ಬೆಟ್ಟಕ್ಕೆ ಬಂದಿದ್ದಿತು. ಸೇಲಮಿನ ಕಲೆಕ್ಟರಾಗಿದ್ದ ಕಾಕ್‌ಬರ್ನ್ ಎಂಬ ಆಂಗ್ಲ ಅಧಿಕಾರಿ 1820ರ ದಶಕದಲ್ಲಿ ಯೇರ್ಕಾಡಿನ ಶೇರ್ವರಾಯನ್ ಬೆಟ್ಟಗಳಲ್ಲಿ ಕಾಫಿ ಗಿಡಗಳನ್ನು ನೆಡಿಸಿದನು. ಮುಂದೆ ಆ ಬೀಜದ ಪಾನೀಯ ಪಟ್ಟಣವಾಸಿಗಳ ಬೆಳಗಿನ ಅಗತ್ಯವಾದಾಗ ಕಾಫಿ ಹೋಟೆಲುಗಳು ತಲೆಯೆತ್ತಿದುವು.

ಈ ಉದ್ಯಮದಲ್ಲಿ ಕನ್ನಡ ಕರಾವಳಿಯವರ ಪಾತ್ರ ಹಿರಿದು. ಉಡುಪಿಯ ಸುತ್ತಣ ಹಳ್ಳಿಗಳಿಂದ, ದೇವಸ್ಥಾನ ಮಠಗಳ ಅಡುಗೆಯ ಸಂಪ್ರದಾಯವನ್ನು ಬಲ್ಲ ಬಡ ಹುಡುಗರು ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೊರಟರು. ಕಡಂದಲೆ ಎಂಬ ಹಳ್ಳಿಯ ಕೃಷ್ಣರಾಯರು ಅಡುಗೆಮನೆಯ ಕೂಲಿಯಿಂದ ಜೀವನವನ್ನಾರಂಭಿಸಿ, 1938ರಲ್ಲಿ ಮದರಾಸಿನ ರಾಯಪೇಟೆಯಲ್ಲಿ ‘ವುಡ್‌ಲ್ಯಾಂಡ್ಸ್’ ಹೋಟೆಲನ್ನು ಸ್ಥಾಪಿಸುವ ಮಟ್ಟಕ್ಕೆ ಬೆಳೆದರು. ಬೆಂಗಳೂರಿನಲ್ಲಿ ಪರಮೇಶ್ವರ ಮಯ್ಯರೂ ಅವರ ಸೋದರರೂ 1924ರಲ್ಲಿ ಲಾಲ್‌ಬಾಗಿನ ಸಮೀಪದಲ್ಲಿ ಒಂದು ಉಪಾಹಾರ ಗೃಹವನ್ನು ತೆರೆದರು. ಇಂದು ‘ಮಾವಳ್ಳಿ ಟಿಫಿನ್ ರೂಮ್ಸ್’ ಎಂದು ಪ್ರಸಿದ್ಧವಾಗಿರುವ ಅದಕ್ಕೆ ಆಗ ಇದ್ದ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’ ಎಂದು. ಈಗಿನ ಹೆಸರು ಬಂದುದು 1960ರಲ್ಲಿ. ಆ ಕಾಲದ ಇಂತಹ ಹೆಸರುಗಳು ಅಂದಿನ ಗಿರಾಕಿಯ ಮನಸ್ಸನ್ನು ತೋರಿಸುತ್ತವೆ. ಮನೆಯ ಹೊರಗೆ ಉಣ್ಣಲು ಅಂಜುತ್ತಿದ್ದವನಿಗೆ, ಅಡುಗೆಯವನ ಜಾತಿಯ ಹೆಸರು ಒಂದು ಭರವಸೆಯಾಗಿದ್ದಿತು.

ಆ ಭರವಸೆಯ ಇನ್ನೊಂದು ಮುಖವೇ ಪ್ರತ್ಯೇಕ ಕೋಣೆ. ಅಂದಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಇತರರಿಗೆ ಹೊರಹಜಾರ. ಅಸ್ಪೃಶ್ಯರೆನಿಸಿಕೊಂಡವರಿಗೆ ಹಜಾರವೂ ಇಲ್ಲ. ಬೀದಿಯಲ್ಲಿ ನಿಂತು ಕೈಯೊಡ್ಡಬೇಕು. ರೈಲುನಿಲ್ದಾಣಗಳ ಊಟದ ಮನೆಗಳಲ್ಲಿಯೂ ಹೀಗೆಯೇ ವಿಭಾಗವಿದ್ದಿತು. ಇದೊಂದು ವಿಚಿತ್ರ. ಒಂದೇ ಡಬ್ಬಿಯ ಒಂದೇ ಬೆಂಚಿನ ಮೇಲೆ ತೊಡೆಗೆ ತೊಡೆ ತಾಗಿಸಿ ಕುಳಿತು ಬಂದವರು ನಿಲ್ದಾಣದಲ್ಲಿ ಇಳಿದೊಡನೆ ಎರಡು ಬಾಗಿಲುಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಈ ಬಾಗಿಲಿನ ವಿರುದ್ಧ ಎದ್ದ ಮೊದಲ ದೊಡ್ಡ ಕೂಗು ಹೋಟೆಲಿನಿಂದ ಬಂದುದಲ್ಲ, ಒಂದು ಶಾಲೆಯಿಂದ. ತಿರುನೆಲ್ವೇಲಿ ಜಿಲ್ಲೆಯ ಶೇರ್ಮಾದೇವಿಯಲ್ಲಿ ದೇಶಭಕ್ತರಾದ ವ.ವೇ.ಸು. ಅಯ್ಯರ್ ಅವರು 1922ರಲ್ಲಿ ಗುರುಕುಲವೊಂದನ್ನು ಸ್ಥಾಪಿಸಿದ್ದರು. ಅದಕ್ಕೆ ಕಾಂಗ್ರೆಸ್ಸಿನ ಧನಸಹಾಯವೂ ದೊರೆತಿದ್ದಿತು. ಅಲ್ಲಿ ಇಬ್ಬರು ಬ್ರಾಹ್ಮಣ ಬಾಲಕರಿಗೆ, ಅವರ ಹೆತ್ತವರ ಇಚ್ಛೆಯಂತೆ, ಬೇರೆಯಾಗಿ ಊಟ ಬಡಿಸುತ್ತಿದ್ದರೆಂಬ ಸುದ್ದಿ ಹಬ್ಬಿತು. ಸಾರ್ವಜನಿಕರ ಹಣದಿಂದ ನಡೆಯುವ ಶಾಲೆಯಲ್ಲಿ ಸಹಭೋಜನವಿಲ್ಲವೆಂದರೇನೆಂದು 1924–25ರಲ್ಲಿ ಪ್ರಬಲವಾಗಿ ಪ್ರತಿಭಟಿಸಿದವರಲ್ಲಿ ಇಬ್ಬರು ಪ್ರಮುಖರು. ಒಬ್ಬರು ನಮ್ಮ ಸೇಲಂ ಜಿಲ್ಲೆಯಲ್ಲಿದ್ದ ರಾಶಿಪುರದಲ್ಲಿ ಹುಟ್ಟಿದ ಡಾ. ವರದರಾಜುಲು ನಾಯುಡು; ಇನ್ನೊಬ್ಬರು ಈರೋಡಿನ ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಇ.ವಿ. ರಾಮಸ್ವಾಮಿ ನಾಯ್ಕರ್, ಅಂದರೆ ಮುಂದೆ ಪೆರಿಯಾರ್ ಎನಿಸಿಕೊಂಡವರು. ಇಬ್ಬರು ಮಕ್ಕಳ ಎಲೆಗಳ ಪ್ರಶ್ನೆ ಒಂದು ಪ್ರಾಂತದ ರಾಜಕೀಯವನ್ನೇ ಅಲುಗಾಡಿಸಿತು. ಅಯ್ಯರ್ ಅವರು ಗುರುಕುಲದ ಹೊಣೆಯಿಂದ ಹಿಂದೆ ಸರಿದರು. ಅದೇ 1925ರ ಜೂನಿನಲ್ಲಿ, ಜಲಪಾತದಲ್ಲಿ ಬಿದ್ದ ಮಗಳನ್ನು ರಕ್ಷಿಸಲು ಹೋಗಿ ಪ್ರಾಣಬಿಟ್ಟರು. ದೇಶಕ್ಕಾಗಿ ಬಹಳ ಕಷ್ಟಪಟ್ಟ ಆ ವ್ಯಕ್ತಿಯ ಬಗೆಗೆ ಗೌರವವಿರಿಸಿಕೊಂಡೇ, ಆ ಪ್ರಶ್ನೆ ನ್ಯಾಯವಾದುದಾಗಿತ್ತೆಂದು ನಾವು ಹೇಳಬೇಕು. ಓದನ್ನು ಹಂಚಿಕೊಂಡ ಮಕ್ಕಳು ಅನ್ನವನ್ನೇಕೆ ಹಂಚಿಕೊಳ್ಳಬಾರದು?

ಅದೇ 1925ರಲ್ಲಿ, ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ ಸೇಲಮಿನಲ್ಲಿ ವಕೀಲರಾಗಿದ್ದ ರಾಜಗೋಪಾಲಾಚಾರ್ಯರು, ಆಗ ಸೇಲಂ ಜಿಲ್ಲೆಗೆ ಸೇರಿದ್ದ ತಿರುಚ್ಚೆಂಗೋಡಿನ ಹತ್ತಿರ ಗಾಂಧಿ ಆಶ್ರಮವನ್ನು ತೆರೆದರು. ಖಾದಿಯ ಕೆಲಸಕ್ಕಾಗಿ ಎಲ್ಲ ಜಾತಿಯವರೂ ಅಲ್ಲಿ ಒಟ್ಟಿಗೆ ವಾಸಿಸಿದರು. ವಿಚಾರದಲ್ಲಿ ರಾಜಾಜಿಯವರೂ ಪೆರಿಯಾರರೂ ಉತ್ತರ ದಕ್ಷಿಣಗಳಂತೆ. ಆದರೂ ಒಂದೇ ಕಾಲದಲ್ಲಿ, ನೆರೆಹೊರೆಯ ಸೀಮೆಗಳಲ್ಲಿ, ಇಬ್ಬರೂ ಒಂದೇ ಪಂಕ್ತಿಯ ಪಕ್ಷವನ್ನು ಹಿಡಿದಿದ್ದರೆಂಬುದನ್ನು ಮರೆಯಲಾಗದು.

ಮುಂದಿನ ಹೆಜ್ಜೆಗಳನ್ನು ಸಂಕ್ಷೇಪವಾಗಿ ಹೇಳಬಹುದು. 1941ರಲ್ಲಿ ದಕ್ಷಿಣದ ರೈಲುನಿಲ್ದಾಣಗಳ ಊಟದ ಮನೆಗಳಲ್ಲಿದ್ದ ಜಾತಿವಿಭಾಗ ರದ್ದಾಯಿತು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ, ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಹೋಗುವ ಯಾವ ಪ್ರಜೆಯನ್ನೂ ಜಾತಿ, ಮತ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ತಡೆಯಕೂಡದೆಂದು ವಿಧಿಸಿತು. ದೇಶವೊಂದರ ಮೂಲಶಾಸನದಲ್ಲಿ ಹೋಟೆಲಿನ ಹೆಸರು ಬಂದುದು ಆಶ್ಚರ್ಯವೆನಿಸಬಹುದು. ಮೇಲಿನ ಚರಿತ್ರೆಯನ್ನು ಬಲ್ಲವರಿಗೆ ಅದು ಆಶ್ಚರ್ಯವಲ್ಲ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯ ಬಲವನ್ನು ಕೊಟ್ಟಿತು. 1957ರಲ್ಲಿ ಪೆರಿಯಾರರ ಅನುಯಾಯಿಗಳು ಮದರಾಸಿನ ಹೋಟೆಲುಗಳ ಫಲಕದಿಂದ ‘ಬ್ರಾಹ್ಮಣ’ ಎಂಬ ಪದವನ್ನು ತೆಗೆಯಬೇಕೆಂದು ತಿಂಗಳುಗಟ್ಟಲೆ ಚಳವಳಿ ನಡೆಸಿ ಸೆರೆಮನೆಗೆ ಹೋದರು.

ಹೀಗೆ ಬಾಗಿಲು ತೆರೆದ ಮೇಲೆಯೇ ಗೆಳೆಯರ ಪಂಕ್ತಿಗೆ ಸ್ಥಳ ದೊರೆಯಿತು. ಬೆಂಗಳೂರಿನ ಗಾಂಧಿಬಜಾರಿನಲ್ಲಿ 1943ರಲ್ಲಿ ಆರಂಭವಾದ ‘ವಿದ್ಯಾರ್ಥಿ ಭವನ’ದ ಹೆಸರೇ ಅದು ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ. ಅದರ ಗೋಡೆಗಳ ಮೇಲೆ ಕನ್ನಡ ಸಾಹಿತಿಗಳ ರೇಖಾಚಿತ್ರಗಳಿವೆ. ದೋಸೆಗಾಗಿ ಕಾಯುವ ಹುಡುಗನು ಅವುಗಳನ್ನು ನೋಡುತ್ತಲೇ ಹೆಸರುಗಳನ್ನು ಕಲಿಯುತ್ತಾನೆ. 1962ರಲ್ಲಿ ಮದರಾಸಿನಲ್ಲಿ ತೆರೆದ ವುಡ್‌ಲ್ಯಾಂಡ್ಸ್ ‘ಡ್ರೈವ್ ಇನ್’ ಹೋಟೆಲು 2008ರಲ್ಲಿ ಮುಚ್ಚುವವರೆಗೂ ಮರಗಳ ನೆರಳಿನಲ್ಲಿ ಹರಟುವ ಸ್ನೇಹಿತರ ತಾಣವಾಗಿದ್ದಿತು. ಒಂದು ಲೋಟ ಕಾಫಿಯ ಬೆಲೆಯಲ್ಲಿ ಒಂದು ಗಂಟೆಯ ಸಂಭಾಷಣೆಯ ಹಕ್ಕು ದೊರೆಯುತ್ತಿದ್ದಿತು. ನಮ್ಮೂರುಗಳ ಹೋಟೆಲುಗಳಲ್ಲಿ ಪರದೆ ಹಾಕಿದ ‘ಫ್ಯಾಮಿಲಿ ರೂಮು’ ಬಂದಿತು. ಹೊರಗೆ ಉಣ್ಣಲು ಸಂಕೋಚಪಡುತ್ತಿದ್ದ ಹೆಣ್ಣುಮಕ್ಕಳು ಮೊದಲು ಅಲ್ಲಿ ಕುಳಿತರು. ಬರಬರುತ್ತ ಗಂಡಸರ ಜೊತೆಯಿಲ್ಲದೆ ಉಪಾಧ್ಯಾಯಿನಿಯರೇ ನಾಲ್ವರು ಕೂಡಿ ಬಂದರು. ಇಂದಿನ ಒಳಕೋಣೆ ಇದೇ ಸಾಲಿನ ಕೊನೆಯದು. ಹಿಂದೆ ಅದರ ಬಾಗಿಲು ಮುಚ್ಚುತ್ತಿದ್ದುದು ಪರರನ್ನು ದೂರವಿಡುವುದಕ್ಕೆ; ಇಂದು ಮುಚ್ಚುವುದು, ತೆಲುಗು, ತಮಿಳು, ಕನ್ನಡ, ಉರ್ದು ಮನೆಮಾತಿನ ಗೆಳೆಯರು ಗಲಾಟೆಯಿಲ್ಲದೆ ಮಾತಾಡಿಕೊಳ್ಳುವುದಕ್ಕೆ.

ಹಾಗೆಂದು ಚರಿತ್ರೆ ಮುಗಿಯಿತೆಂದು ಭಾವಿಸಬಾರದು. ತಮಿಳುನಾಡಿನ ಹಲವು ಹಳ್ಳಿಗಳ ಚಹದಂಗಡಿಗಳಲ್ಲಿ, ಕಾಯಿದೆ ಬಂದು ದಶಕಗಳು ಕಳೆದ ಮೇಲೂ, ಎರಡು ಲೋಟದ ಪದ್ಧತಿ ನಡೆದುಬಂದಿತು: ಮೇಲ್ಜಾತಿಯವರಿಗೆ ಒಂದು ಬಗೆಯ ಲೋಟ, ದಲಿತರಿಗೆ ಬೇರೊಂದು. ಗೋಡೆ ಕೋಣೆಯಿಂದ ಹೊರಟು ಲೋಟದೊಳಗೆ ಅಡಗಿ ಕುಳಿತಿತೆನ್ನಬಹುದು.

ಇನ್ನು ಬಡಿಸುವವನ ವಿಚಾರ. ಪಂಕ್ತಿಯಲ್ಲಿ ಕುಳಿತವರ ಚರಿತ್ರೆಯನ್ನು ಬರೆಯುವವರು ನಿಂತವರನ್ನು ಮರೆಯುತ್ತಾರೆ. ನಮ್ಮ ಹೋಟೆಲುಗಳನ್ನು ಬಹುಕಾಲ ನಡೆಸಿದುದು ‘ಮಾಣಿ’ಗಳ, ಅಂದರೆ ಶಾಲೆ ಬಿಟ್ಟು ಬಂದ ಎಳೆಯ ಹುಡುಗರ ದುಡಿಮೆ. ಮುಂಬಯಿಯಲ್ಲಿ ಹಗಲೆಲ್ಲ ಮೇಜು ಒರಸಿದ ಅಂತಹ ಹುಡುಗರು ಇರುಳಿನಲ್ಲಿ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತರು. ಕನ್ನಡ ಮಾಧ್ಯಮದ ಉಪಾಧ್ಯಾಯರಿಗೆ ಇದಕ್ಕಿಂತ ಹೆಚ್ಚಿನ ಸ್ಫೂರ್ತಿ ಬೇಕಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಕೂಡದೆಂಬ ನಿಷೇಧ ಜಾರಿಗೆ ಬಂದುದು 2006ರಲ್ಲಿ ಮಾತ್ರ.

ಪ್ರಿಯ ವಿದ್ಯಾರ್ಥಿಗಳೇ, ನೀವು ಬೆಳೆದು ಗಳಿಸತೊಡಗಿದಾಗ, ಒಂದು ದಿನ ಗೆಳೆಯರನ್ನು ಕೂಡಿಕೊಂಡು ಇಂತಹ ಕೋಣೆಯೊಂದರಲ್ಲಿ ಸಂತೋಷದಿಂದ ಉಣ್ಣುವಿರಿ, ಉಣ್ಣಬೇಕಾದುದೇ. ಆಗ ಎರಡು ಸಂಗತಿಗಳನ್ನು ನೋಡಿಕೊಳ್ಳಿರಿ. ನಿಮ್ಮ ತರಗತಿಯ ಯಾವ ಗೆಳೆಯನಾದರೂ ಕರೆಯದೆ ಉಳಿದನೇ? ಉಳಿದಿದ್ದರೆ ಏಕೆ? ಬಡಿಸುವವನನ್ನು ‘ಅಣ್ಣ’ ಎಂದು ಕರೆದು ನೀರು ಕೇಳಿದಿರೋ, ಇಲ್ಲವೆ ಬೆರಳು ಚಿಟಿಕೆ ಹೊಡೆದು ಕರೆದಿರೋ? ಈ ಎರಡಕ್ಕೂ ನಿರಾಳವಾಗಿ ಉತ್ತರ ಹೇಳಬಲ್ಲವನ ಊಟವೇ ಹಬ್ಬದ ಊಟ. ತಗಡೂರಿನ ಅರಸನು ಬದುಕಿದುದು ತಾನು ತಿನ್ನದ ನೆಲ್ಲಿಯ ಹಣ್ಣಿನಿಂದಲ್ಲ. ಅವನು ಯಾರೊಡನೆ ಕುಳಿತು ಉಂಡನೋ ಅವರ ನೆನಪಿನಿಂದ.