ಖಡಕ್ವಾಸ್ಲಾ ಕಟ್ಟಿದ್ದು ಯಾರು? ಒಂದು ಅಣೆಕಟ್ಟು, ಹಲವು ಕೆಲಸಗಾರರು

ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗ ತಡವರಿಸಿದ ಕಡೆ ಸ್ವಲ್ಪ ತಿದ್ದಿದ್ದೀನಿ, ಮಿಕ್ಕಿದ್ದು ಹಾಗೇ ಇದೆ.

ಪ್ರತಿ ವರ್ಷ ಸೆಪ್ಟೆಂಬರ್ 15 ಬಂತು ಅಂದ್ರೆ ನಮ್ಮ ಪುಣೆ ಕನ್ನಡಿಗರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಸಂದೇಶ ಓಡಾಡತ್ತೆ. 'ಖಡಕ್ವಾಸ್ಲಾ ಅಣೆಕಟ್ಟು ಕಟ್ಟಿದ್ದು ನಮ್ಮ ವಿಶ್ವೇಶ್ವರಯ್ಯನವರು, ಹೆಮ್ಮೆ ಇದ್ದರೆ ಫಾರ್ವರ್ಡ್ ಮಾಡಿ.' ಹೆಮ್ಮೆ ನನಗೂ ಇದೆ. ಆದರೆ ಆ ಮಾತು ಸರಿ ಅಲ್ಲ. ಖಡಕ್ವಾಸ್ಲಾದ ಕೆಲಸ ಶುರುವಾಗಿದ್ದು 1869ರಲ್ಲಿ. ಆಗ ವಿಶ್ವೇಶ್ವರಯ್ಯ ಮುದ್ದೇನಹಳ್ಳಿಯಲ್ಲಿ ಎಂಟೊಂಬತ್ತು ವರ್ಷದ ಹುಡುಗ.

ಇದನ್ನ ಈಗ ಹೇಳೋದಕ್ಕೆ ಇನ್ನೊಂದು ಕಾರಣ ಇದೆ. ನನ್ನ ಅಕ್ಕನ ಮಗಳು ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಎರಡು ಕಡೆಯಿಂದ ಕೆಲಸಕ್ಕೆ ಕರೆ ಬಂದಿದೆ. ಒಂದು ಡಿಸೈನ್ ಆಫೀಸು, ಏಸಿ ರೂಮು, ಕಂಪ್ಯೂಟರು. ಇನ್ನೊಂದು ಹಳೇ ಸೇತುವೆ, ಹಳೇ ನೀರಿನ ಟ್ಯಾಂಕುಗಳನ್ನ ತಪಾಸಣೆ ಮಾಡಿ ದುರಸ್ತಿ ಹೇಳೋ ಸಣ್ಣ ಕಂಪನಿ. ಅವಳಿಗೆ ಎರಡನೆಯದರ ಮೇಲೆ ಮನಸ್ಸು. ಅಕ್ಕನಿಗೆ ಬೇಜಾರು. 'ಕಟ್ಟೋದು ಇಂಜಿನಿಯರ್ ಕೆಲಸ, ರಿಪೇರಿ ಮಾಡೋದು ಮೇಸ್ತ್ರಿ ಕೆಲಸ. ಅಷ್ಟು ಫೀಸು ಕಟ್ಟಿ ಓದಿಸಿದ್ದು ಇದಕ್ಕಾ?' ಅಂತಾಳೆ. ಹುಡುಗಿ ನನಗೆ ಫೋನ್ ಮಾಡಿ ಕೇಳಿದಳು, 'ಮಾವ, ನೀವೇ ಹೇಳಿ. ಆ ಕೆಲಸಕ್ಕೆ ಹೋದ್ರೆ ನಾನು ನಿಜವಾದ ಇಂಜಿನಿಯರ್ ಆಗಲ್ವಾ?'

ನಾನು ಫೋನಲ್ಲಿ ಉತ್ತರ ಹೇಳಲಿಲ್ಲ. ಶನಿವಾರ ಬಾ, ಖಡಕ್ವಾಸ್ಲಾಕ್ಕೆ ಹೋಗೋಣ ಅಂದೆ. ಅಲ್ಲಿ ಸುಟ್ಟ ಜೋಳ ತಿಂತಾ ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತಿದ್ದೀನಿ.

ಒಂದು ಅಣೆಕಟ್ಟಿಗೆ ಎಷ್ಟು ಥರದ ಜನ ಬೇಕು?

ಮೊದಲು ಸರ್ವೇ. ಮುಠಾ ನದಿಗೆ ಎಲ್ಲಿ ಅಡ್ಡ ಕಟ್ಟಬಹುದು ಅಂತ ಕಣಿವೆ ಕಣಿವೆ ಅಳೆದವರು ರಾಯಲ್ ಇಂಜಿನಿಯರ್ಸ್‌ನ ಫೈಫ್ ಅನ್ನೋ ಅಧಿಕಾರಿ ಮತ್ತು ಅವರ ಕೈಕೆಳಗಿನವರು. ಅವರ ಹೆಸರಿನಿಂದಲೇ ಆ ಜಲಾಶಯಕ್ಕೆ ಬಹಳ ಕಾಲ 'ಲೇಕ್ ಫೈಫ್' ಅಂತ ಹೆಸರಿತ್ತು. ಆಮೇಲೆ ಎಷ್ಟು ಮಳೆ ಬೀಳತ್ತೆ, ಎಷ್ಟು ನೀರು ಹರಿಯತ್ತೆ, ತಳದಲ್ಲಿ ಬಂಡೆ ಗಟ್ಟಿ ಇದೆಯಾ ಅಂತ ನೋಡೋ ಅನ್ವೇಷಣೆ. ಆಮೇಲೆ ನಕ್ಷೆ, ಲೆಕ್ಕ. ಆಮೇಲೆ ಎಸ್ಟಿಮೇಟು ಮತ್ತು ಸರ್ಕಾರದ ಮಂಜೂರಾತಿ. ಇಷ್ಟೆಲ್ಲ ಆದ ಮೇಲೆ ಕಲ್ಲು, ಸುಣ್ಣ, ಗಾರೆ. ಸುಮಾರು ನೂರು ಅಡಿ ಎತ್ತರದ ಕಲ್ಲಿನ ಕಟ್ಟಡ, ಹತ್ತು ವರ್ಷ ಹಿಡೀತು.

ಅಷ್ಟು ಜನ ಎಲ್ಲಿಂದ ಬರಬೇಕು? ಪುಣೆಯ ಇಂಜಿನಿಯರಿಂಗ್ ಕಾಲೇಜಿನ ಮೂಲವೇ ಆ ಪ್ರಶ್ನೆಯಲ್ಲಿದೆ. 1854ರಲ್ಲಿ ಇಲ್ಲಿ ಶುರುವಾಗಿದ್ದು ದೊಡ್ಡ ಇಂಜಿನಿಯರುಗಳನ್ನ ತಯಾರು ಮಾಡೋ ಕಾಲೇಜಲ್ಲ. ಲೋಕೋಪಯೋಗಿ ಇಲಾಖೆಗೆ ಬೇಕಾದ ಕೆಳಹಂತದ ನೌಕರರನ್ನ, ಅಂದ್ರೆ ಓವರ್‌ಸಿಯರ್ ಥರದವರನ್ನ ತಯಾರು ಮಾಡೋ ಒಂದು ತರಗತಿ. ರಸ್ತೆ, ಸೇತುವೆ, ಕಾಲುವೆ ಕೆಲಸಕ್ಕೆ ಸ್ಥಳದಲ್ಲೇ ನಿಂತು ಅಳತೆ ಹಿಡಿಯೋರು ಬೇಕಾಗಿತ್ತು. ಮೆಷರ್‌ಮೆಂಟ್ ಬುಕ್ಕಿನಲ್ಲಿ ಅಳತೆ ಬರೆಯದೆ ಗುತ್ತಿಗೆದಾರನಿಗೆ ದುಡ್ಡು ಬರಲ್ಲ, ಇವತ್ತಿಗೂ ಹಾಗೇ. ನಮ್ಮ ದೇಶದಲ್ಲಿ ಸಿವಿಲ್ ವಿದ್ಯೆ ಬೆಳೆದಿದ್ದು ಆ ಅಳತೆ ಪುಸ್ತಕದ ಕೆಲಸದಿಂದಲೂ ಹೌದು, ಬರೀ ಡ್ರಾಯಿಂಗ್ ಬೋರ್ಡಿನಿಂದ ಅಲ್ಲ.

ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ವಿಶ್ವೇಶ್ವರಯ್ಯ ಓದಲಿಕ್ಕೆ ಬಂದಿದ್ದು ಇದೇ ಸಂಸ್ಥೆಗೆ. ಅಷ್ಟೊತ್ತಿಗೆ ಅದು ಕಾಲೇಜ್ ಆಫ್ ಸೈನ್ಸ್ ಆಗಿತ್ತು. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾಗಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರ್ ಆಗಿ ಸೇರಿದರು. ನಾಸಿಕ್, ಖಾನದೇಶದ ಕಡೆ ಸೈಟಿನ ಕೆಲಸ, ಆಮೇಲೆ ಸಿಂಧ್ ಪ್ರಾಂತದ ಸಕ್ಕರ್‌ನಲ್ಲಿ ನೀರು ಸರಬರಾಜು. ಅದಾದ ಮೇಲೆ ಪುಣೆಯ ನೀರಾವರಿ.

ಪುಣೆ: ಕಟ್ಟಿ ಮುಗಿದ ಮೇಲೆ ಬಂದ ಇಂಜಿನಿಯರ್

ಈಗ ಗಮನವಿಟ್ಟು ಕೇಳಿ. ವಿಶ್ವೇಶ್ವರಯ್ಯ ಖಡಕ್ವಾಸ್ಲಾದ ಹೊಣೆಗೆ ಬಂದಾಗ ಅಣೆಕಟ್ಟು ಮುಗಿದು ಇಪ್ಪತ್ತು ವರ್ಷ ಆಗಿತ್ತು. ಇವತ್ತಿನ ಭಾಷೆಯಲ್ಲಿ ಅವರು ಆಗ ಇದ್ದಿದ್ದು ನಿರ್ವಹಣೆ ವಿಭಾಗದಲ್ಲಿ. ನಮ್ಮ ಅಕ್ಕ 'ರಿಪೇರಿ' ಅಂತಾಳಲ್ಲ, ಅದೇ.

ಅಲ್ಲಿ ಒಂದು ತೊಂದರೆ ಇತ್ತು. ಮಳೆಗಾಲದಲ್ಲಿ ಜಲಾಶಯ ತುಂಬಿ ಕೋಡಿಯ ಮೇಲೆ ಅಡಿಗಟ್ಟಲೆ ನೀರು ಹರಿದು ಹೋಗ್ತಿತ್ತು. ಬೇಸಿಗೆಯಲ್ಲಿ ಕಾಲುವೆಗೂ ಊರಿಗೂ ನೀರು ಸಾಲದು. ಕೋಡಿಯನ್ನ ಎತ್ತರಿಸಿ ಕಟ್ಟಿಬಿಟ್ಟರೆ ನೀರು ಹೆಚ್ಚು ನಿಲ್ಲತ್ತೆ ನಿಜ, ಆದರೆ ಪ್ರವಾಹ ಬಂದಾಗ ಮಟ್ಟ ಇನ್ನೂ ಮೇಲೇರಿ ಅಣೆಕಟ್ಟಿಗೇ ಅಪಾಯ. ಅವರು ಯೋಚನೆ ಮಾಡಿದ್ದು ಹೀಗೆ: ಮಳೆಗಾಲದ ಪ್ರವಾಹ ಹೇಗೂ ಆ ಎತ್ತರಕ್ಕೆ ಏರ್ತಾ ಇದೆ, ಅಣೆಕಟ್ಟು ತಡ್ಕೋತಾ ಇದೆ. ಆ ಎತ್ತರದವರೆಗೂ ನೀರನ್ನ ಹಿಡಿದಿಟ್ಟು, ಅದಕ್ಕಿಂತ ಮೇಲೆ ಬಂದರೆ ಮಾತ್ರ ತಾನಾಗೇ ತೆರೆಯೋ ಬಾಗಿಲು ಕೂರಿಸಿದರೆ?

1903ರಲ್ಲಿ ಆ ಸ್ವಯಂಚಾಲಿತ ಗೇಟುಗಳು ಖಡಕ್ವಾಸ್ಲಾದಲ್ಲಿ ಕೂತವು. ನೀರು ನಿಗದಿ ಮಟ್ಟ ದಾಟಿದರೆ ನೀರಿನ ಬಲದಿಂದಲೇ ತೂಕದ ಸಮತೋಲ ತಪ್ಪಿ ಬಾಗಿಲು ತೆರೆಯತ್ತೆ, ಮಟ್ಟ ಇಳಿದರೆ ಮುಚ್ಚತ್ತೆ. ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಹೋಗಿ ತಿರುಗಿಸಬೇಕಾಗಿಲ್ಲ. ಅಣೆಕಟ್ಟನ್ನ ಎತ್ತರಿಸದೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು, ಸಂಗ್ರಹ ಶೇಕಡಾ 25ರಷ್ಟು ಹೆಚ್ಚಾಯಿತು. ಅದಕ್ಕೆ ಪೇಟೆಂಟ್ ಪಡೆದರು, ಆದರೆ ಸರ್ಕಾರದಿಂದ ರಾಯಲ್ಟಿ ತೆಗೆದುಕೊಳ್ಳಲಿಲ್ಲ. ಮುಂದೆ ಗ್ವಾಲಿಯರ್‌ನ ತಿಗ್ರಾದಲ್ಲೂ ನಮ್ಮ ಕನ್ನಂಬಾಡಿಯಲ್ಲೂ ಇದೇ ಬಗೆಯ ಗೇಟುಗಳು ಬಂದವು.

ಅಂದ್ರೆ ಅವರನ್ನ ದೇಶಕ್ಕೆ ಪರಿಚಯ ಮಾಡಿಕೊಟ್ಟ ಕೆಲಸಗಳಲ್ಲಿ ಇದು ಒಂದು, ಮತ್ತು ಇದು ಹುಟ್ಟಿದ್ದು ಬೇರೆಯವರು ಕಟ್ಟಿದ ಹಳೇ ಅಣೆಕಟ್ಟನ್ನ ವರ್ಷಗಟ್ಟಲೆ ನೋಡ್ಕೊಂಡಿದ್ದರಿಂದ. ಯಾವ ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರಿತ್ತು ಅಂತ ಬರೆದಿಟ್ಟವರಿಗೆ ಮಾತ್ರ ಹೊಳೆಯೋ ಉಪಾಯ ಅದು.

ಹೈದರಾಬಾದ್, ಮೈಸೂರು: ಶುರುವಿನ ಹಂತಗಳು

ಹೈದರಾಬಾದಿನಿಂದ ಕೇಳ್ತಿರೋ ಸ್ನೇಹಿತರಿಗೆ ಮೂಸಿ ಪ್ರವಾಹದ ಕಥೆ ಗೊತ್ತು. 1908ರ ಸೆಪ್ಟೆಂಬರ್ 28. ವಿಶ್ವೇಶ್ವರಯ್ಯ ಆಗ ಮುಂಬಯಿ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದರು. ನಿಜಾಮ್ ಸರ್ಕಾರ ಕರೆಸಿತು, 1909ರಲ್ಲಿ ಬಂದರು.

ಅಲ್ಲಿ ಅವರು ಮಾಡಿದ್ದು ಅನ್ವೇಷಣೆ. ಮಳೆ ಎಷ್ಟು ಬಿದ್ದಿತ್ತು? ಈಗ ವಿಮಾನ ನಿಲ್ದಾಣ ಇರೋ ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು. ನೀರು ಎಲ್ಲಿಂದ ಬಂತು? ಊರಿನ ಮೇಲಿನ ಮೂಸಿ ಕೊಳ್ಳದಲ್ಲಿ 788 ಕೆರೆಗಳಿದ್ದವು, ಅದರಲ್ಲಿ 221 ಒಡೆದಿದ್ದವು. ಹೀಗೆ ಲೆಕ್ಕ ಕೂಡಿಸಿ, ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು ಜಲಾಶಯ ಬೇಕು ಅಂತ ವರದಿ ಕೊಟ್ಟು, ಅದೇ ವರ್ಷ ನವೆಂಬರಿನಲ್ಲಿ ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಹೊರಟರು. ಉಸ್ಮಾನ್ ಸಾಗರ್ ಮುಗಿದಿದ್ದು 1920ರಲ್ಲಿ, ಹಿಮಾಯತ್ ಸಾಗರ್ 1927ರಲ್ಲಿ. ಕಟ್ಟಿದವರು ಬೇರೆ ಇಂಜಿನಿಯರುಗಳು, ಬೇರೆ ಓವರ್‌ಸಿಯರುಗಳು, ಸಾವಿರಾರು ಕೂಲಿಗಳು.

ಮೈಸೂರಿನಲ್ಲಿ ಇನ್ನೊಂದು ಹಂತ. ಕನ್ನಂಬಾಡಿಯಲ್ಲಿ ಅವರ ದೊಡ್ಡ ಹೋರಾಟ ಕಲ್ಲು-ಗಾರೆ ಜೊತೆ ಅಲ್ಲ, ಕಾಗದದ ಜೊತೆ. ಇಷ್ಟು ಹಣ ಯಾಕೆ, ಆದಾಯ ಹೇಗೆ, ಮದ್ರಾಸ್ ಸರ್ಕಾರ ಒಪ್ಪತ್ತಾ? ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗ್ತಿತ್ತು, ಅದಕ್ಕೆ ವರ್ಷವಿಡೀ ನೀರು ಬೇಕು, ಆ ಆದಾಯದಿಂದ ಅಣೆಕಟ್ಟಿನ ಖರ್ಚು ಸಮರ್ಥಿಸಬಹುದು ಅಂತ ಲೆಕ್ಕ ತೋರಿಸಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವನ್ನ ಒಪ್ಪಿಸಿದರು. 1911ರಲ್ಲಿ ಕೆಲಸ ಶುರು. 1912ರಲ್ಲಿ ಅವರೇ ದಿವಾನರಾದರು, 1918ರಲ್ಲಿ ಬಿಟ್ಟರು. ಅಣೆಕಟ್ಟು ಪೂರ್ತಿಯಾಗಿದ್ದು 1930ರ ದಶಕದ ಶುರುವಿನಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪುಣೆಯಲ್ಲಿ ನಿರ್ವಹಣೆ, ಹೈದರಾಬಾದಿನಲ್ಲಿ ಅನ್ವೇಷಣೆ, ಮೈಸೂರಿನಲ್ಲಿ ಯೋಜನೆ, ಮಂಜೂರಾತಿ, ಆರಂಭ. ಈ ಮೂರರಲ್ಲಿ ಒಂದು ಕಡೆಯೂ ಮೊದಲಿಂದ ಕೊನೆವರೆಗೆ ಅವರೊಬ್ಬರೇ ಇರಲಿಲ್ಲ. ಇದರಿಂದ ಅವರು ಸಣ್ಣವರಾಗಲ್ಲ. ದೊಡ್ಡ ಕೆಲಸದ ಸ್ವಭಾವವೇ ಅದು. ನಮ್ಮ ಪಾಲಿನ ಹಂತವನ್ನ ಮುಂದಿನವರು ನಂಬೋ ಹಾಗೆ ಮುಗಿಸಿ ಕೈಗೆ ಕೊಡಬೇಕು.

1961: ಒಂದು ಹಂತ ತಪ್ಪಿದಾಗ

ಹಾಗೆ ಕೊಡದಿದ್ದರೆ ಏನಾಗತ್ತೆ ಅಂತ ಪುಣೆಯ ಹಳಬರನ್ನ ಕೇಳಿ. ಶನಿವಾರ ಪೇಟೆ, ನಾರಾಯಣ ಪೇಟೆಯ ಹಳೇ ಮನೆಗಳಲ್ಲಿ ಗೋಡೆ ಕಡೆ ಕೈ ತೋರಿಸಿ 'ಪಾನಶೇತ್‌ಚಾ ಪೂರ್ ಇಲ್ಲಿವರೆಗೆ ಬಂದಿತ್ತು' ಅಂತಾರೆ.

ಪಾನಶೇತ್ ಖಡಕ್ವಾಸ್ಲಾದ ಮೇಲ್ಗಡೆ, ಅಂಬಿ ನದಿಗೆ ಕಟ್ಟುತ್ತಿದ್ದ ಮಣ್ಣಿನ ಅಣೆಕಟ್ಟು. 1961ರ ಮಳೆಗಾಲದಲ್ಲಿ ಅದರ ಕೆಲಸ ಪೂರ್ತಿ ಆಗಿರಲಿಲ್ಲ. ತಳದಲ್ಲಿ ನೀರು ಹೊರಬಿಡೋ ಕೊಳವೆ ಮಾರ್ಗದ ಗೇಟಿನ ವ್ಯವಸ್ಥೆ ಇನ್ನೂ ಬಾಕಿ ಇತ್ತು. ಆದರೂ ನೀರು ನಿಂತಿತು. ಮಳೆ ಜೋರಾಯ್ತು, ಅರೆತೆರೆದ ಗೇಟಿನ ಕೆಳಗೆ ನೀರು ರಭಸದಿಂದ ನುಗ್ಗಿ ಮಾರ್ಗವೇ ಅದುರತೊಡಗಿತು, ಮೇಲಿನ ಮಣ್ಣು ಕುಸಿಯತೊಡಗಿತು. ಸೈನಿಕರು ರಾತ್ರಿಯೆಲ್ಲ ಮರಳಿನ ಚೀಲ ಪೇರಿಸಿದರು. ಜುಲೈ 12ರ ಬೆಳಿಗ್ಗೆ ಪಾನಶೇತ್ ಒಡೆಯಿತು. ಆ ನೀರೆಲ್ಲ ಬಂದು ಬಡಿದಿದ್ದು ಖಡಕ್ವಾಸ್ಲಾಕ್ಕೆ. ಎಂಬತ್ತು ವರ್ಷ ನಿಂತ ಕಲ್ಲಿನ ಅಣೆಕಟ್ಟು ಕೆಲವು ಗಂಟೆ ತಡೆದು ಅದೂ ಒಡೆಯಿತು. ಪುಣೆಯೊಳಗೆ ಸೇತುವೆಗಳ ಮೇಲೆ ನೀರು ಹರಿಯಿತು. ಹಗಲಾಗಿದ್ದರಿಂದ ಎಷ್ಟೋ ಜನ ಓಡಿ ಬದುಕಿದರು. ಆ ಮರಳು ಚೀಲಗಳು ಕೊಟ್ಟ ಕೆಲವೇ ಗಂಟೆಗಳ ಬೆಲೆ ಅದು. ಊರಿಗೆ ಕುಡಿಯೋ ನೀರು ಕೊಡ್ತಿದ್ದ ಜಲಾಶಯವೇ ಖಾಲಿಯಾಯ್ತು.

ವಿಶ್ವೇಶ್ವರಯ್ಯ ಆಗ ಬೆಂಗಳೂರಿನಲ್ಲಿದ್ದರು, ನೂರರ ಮುದುಕ. ತೀರಿಕೊಂಡಿದ್ದು 1962ರ ಏಪ್ರಿಲ್‌ನಲ್ಲಿ.

ಪಾನಶೇತ್‌ನಲ್ಲಿ ಸರ್ವೇ ಆಗಿತ್ತು, ಡಿಸೈನ್ ಆಗಿತ್ತು, ಮಣ್ಣೂ ಏರಿತ್ತು. ಕೈಕೊಟ್ಟಿದ್ದು ಎರಡು ಹಂತಗಳ ನಡುವಿನ ಸಂದು, ಕಟ್ಟೋದು ಮುಗಿದು ಬಳಸೋದು ಶುರುವಾಗೋ ಜಾಗ. 'ಇನ್ನೂ ಆಗಿಲ್ಲ, ನೀರು ನಿಲ್ಲಿಸಬೇಡಿ' ಅನ್ನೋ ಮಾತಿಗೆ ಬಲ ಇರಬೇಕಾದ ಜಾಗ ಅದು. ನಮ್ಮ ದೇಶದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯಲ್ಲಿ ಈ ಹಂತಕ್ಕೇ ಪ್ರತ್ಯೇಕ ನಿಯಮ ಇದೆ. ಹೊಸ ಜಲಾಶಯವನ್ನ ಮೊದಲ ಸಲ ತುಂಬಿಸೋ ಮುಂಚೆ ಹೇಗೆ, ಎಷ್ಟೆಷ್ಟು ತುಂಬಿಸಬೇಕು ಅಂತ ಯೋಜನೆ ಬರೆಯಬೇಕು, ತಪಾಸಣೆ ಆಗಬೇಕು. ಮಳೆಗಾಲದ ಮೊದಲು ಮತ್ತು ನಂತರ ಅಣೆಕಟ್ಟುಗಳನ್ನ ನೋಡಿ ಬರಬೇಕು. ಪಾನಶೇತ್ ಒಡೆದು ಅರವತ್ತು ವರ್ಷ ಆದ ಮೇಲೆ.

ಆ ಕಾಯ್ದೆ ನಡೆಯಬೇಕಾದರೆ ಹೋಗಿ ನೋಡೋ ಜನ ಬೇಕು ತಾನೆ? ಖಡಕ್ವಾಸ್ಲಾದ ಕೆಳಗೇ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ ಇದೆ, 1916ರಲ್ಲಿ ಮುಂಬಯಿ ಪ್ರೆಸಿಡೆನ್ಸಿಯವರು ಶುರು ಮಾಡಿದ್ದು. ಅಲ್ಲಿ ನದಿ, ಅಣೆಕಟ್ಟುಗಳ ಸಣ್ಣ ಮಾದರಿ ಕಟ್ಟಿ ನೀರು ಬಿಟ್ಟು ಪರೀಕ್ಷೆ ಮಾಡ್ತಾರೆ. ಮಣ್ಣು ಪರೀಕ್ಷೆ ಮಾಡೋರು, ಕಾಂಕ್ರೀಟ್ ಕ್ಯೂಬ್ ಒಡೆದು ನೋಡೋರು, ಬಿಲ್ಲು ಪರಿಶೀಲಿಸೋರು, ಬಿರುಕಿನ ಅಗಲ ತಿಂಗಳಿಗೊಮ್ಮೆ ಬರೆದಿಡೋರು, ಇವರ ಹೆಸರು ಉದ್ಘಾಟನೆಯ ಕಲ್ಲಿನ ಮೇಲೆ ಇರಲ್ಲ. ಆದರೆ ಆ ಕಲ್ಲು ನಿಂತಿರೋದು ಇವರಿಂದ.

ಅಣೆಕಟ್ಟಿನ ದಡದಲ್ಲಿ ಇಷ್ಟೆಲ್ಲ ಕೇಳಿದ ಮೇಲೆ ನಮ್ಮ ಹುಡುಗಿ ಒಂದೇ ಪ್ರಶ್ನೆ ಕೇಳಿದಳು. 'ಮಾವ, ಇದನ್ನ ಅಮ್ಮನಿಗೆ ನೀವೇ ಹೇಳ್ತೀರಾ?' ಹೇಳಿದೆ. ಅಕ್ಕ ಪೂರ್ತಿ ಒಪ್ಪಿಲ್ಲ. 'ವಿಶ್ವೇಶ್ವರಯ್ಯನವರ ಸಂಬಳ ಎಷ್ಟಿತ್ತು ಅದನ್ನೂ ಹೇಳು' ಅಂದಳು. ಆ ಪ್ರಶ್ನೆಯೂ ನ್ಯಾಯವೇ. ನಿರ್ವಹಣೆ ಕೆಲಸಕ್ಕೆ ನಾವು ಕೊಡೋ ಸಂಬಳ, ಮರ್ಯಾದೆ ಎರಡೂ ಕಡಿಮೆ, ಅದಕ್ಕೇ ಓದಿದ ಮಕ್ಕಳು ಆ ಕಡೆ ಹೋಗಲ್ಲ. ಹುಡುಗಿ ಮಾತ್ರ ಮುಂದಿನ ತಿಂಗಳು ಸೇರ್ತಾಳೆ, ಎರಡನೇ ಕೆಲಸಕ್ಕೇ.

ಮುಂದಿನ ಸೆಪ್ಟೆಂಬರ್ 15ಕ್ಕೆ ಆ ವಾಟ್ಸಾಪ್ ಸಂದೇಶ ಮತ್ತೆ ಬಂದರೆ, ದಯವಿಟ್ಟು ಒಂದು ಪದ ಬದಲಿಸಿ ಕಳಿಸಿ. 'ಕಟ್ಟಿದವರು' ಅನ್ನೋ ಕಡೆ 'ಕಾಪಾಡಿದವರು' ಅಂತ ಹಾಕಿ. ಅದು ನಿಜ, ಮತ್ತು ಅದೇನೂ ಕಡಿಮೆ ಹೆಮ್ಮೆಯ ಮಾತಲ್ಲ. ನಿಮ್ಮ ಮನೆಯಲ್ಲೂ ಓವರ್‌ಸಿಯರ್ ಆಗಿದ್ದ ಅಜ್ಜನೋ ಗೇಟ್ ನೋಡ್ಕೋತಿದ್ದ ಚಿಕ್ಕಪ್ಪನೋ ಇದ್ದರೆ ಅವರ ಕಥೆ ಬರೆದು ಕಳಿಸಿ, ಮುಂದಿನ ಸಲ ಓದೋಣ.